ಹಗೇವು ಮತ್ತು ಹೊಗೆಬಂಡಿ

ನಾಡನ್ನು ಕಾಯುವುದು ಅನ್ನ. ಅನ್ನವನ್ನು ಕಾಯುವುವು ಕೂಡಿಟ್ಟ ಕಣಜ ಮತ್ತು ಸಾಗಿಸುವ ದಾರಿ. ಮಳೆ ತಪ್ಪಿದರೆ ಕಣಜವು ಬರಿದಾಗುವುದನ್ನು ಎಲ್ಲರೂ ಬಲ್ಲರು. ಆದರೆ ಮಹಾಮಾರಿಯು ಹಬ್ಬಿದಾಗ ಕಣಜವು ತುಂಬಿದ್ದರೂ, ದಾರಿಯು ಕೆಡದಿದ್ದರೂ, ಅವೆರಡನ್ನೂ ಕೂಡಿಸತಕ್ಕ ಕೈಗಳು ನಿಂತುಹೋಗುವುವು. ಮೈಸೂರು ಸೀಮೆಯ ಸುಮಾರು ನೂರೈವತ್ತು ವರ್ಷಗಳ ಚರಿತ್ರೆಯು ಈ ಸಂಗತಿಯನ್ನು ವಿಶದಪಡಿಸುತ್ತದೆ.

ಹಿಂದೆ ಬಯಲುಸೀಮೆಯ ಒಕ್ಕಲಿಗನ ಧೈರ್ಯವೆಲ್ಲವೂ ಅವನ ಹಗೇವಿನಲ್ಲಿದ್ದಿತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ತೋಡಿದ ಗುಂಡಿಗೆ ಒಳಗೆಲ್ಲ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಬಾಯನ್ನು ಕಲ್ಲಿನಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಬೀಳುವುದು ಅಪರೂಪ. ತೇವ ತಗಲದಿದ್ದರೆ ಅದು ವರ್ಷಗಟ್ಟಲೆ ಕೆಡದು. ಹಗೇವನ್ನು ತೆರೆದೊಡನೆ ಇಳಿದರೆ ಒಳಗಿನ ಕೆಟ್ಟ ಗಾಳಿಯಿಂದ ಪ್ರಾಣಾಪಾಯವುಂಟು. ಆದಕಾರಣ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನು.

ಈ ಕಾಪು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಸಾಲದೆ ಹೋಯಿತು. ಜನರು ಧಾತು ಈಶ್ವರದ ಬರವೆಂದು ನೆನೆಯುತ್ತಿದ್ದ ಆ ಕಾಲದಲ್ಲಿ ಮಳೆಯು ಮೇಲಿಂದ ಮೇಲೆ ತಪ್ಪಿ ಹಗೇವುಗಳು ಬರಿದಾದುವು. ಜೋಲಾರಪೇಟೆಯಿಂದ 1864ರಲ್ಲಿ ಬಂದಿದ್ದ ರೈಲು ದಾರಿಯು ಬೆಂಗಳೂರಿನಲ್ಲಿಯೇ ಮುಗಿಯುತ್ತಿದ್ದಿತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ; ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದುವು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿದ್ದಿತು. ಈ ದುಃಖದಿಂದ ಪಾಠ ಕಲಿತ ಸಂಸ್ಥಾನವು ಹಳಿಯನ್ನು ಮುಂದುವರಿಸಿತು. ರಂಗಾಚಾರ್ಲು ಅವರು ದಿವಾನರಾಗಿದ್ದಾಗ, 1882ರಲ್ಲಿ, ಹೊಗೆಬಂಡಿಯು ಮೈಸೂರನ್ನು ಮುಟ್ಟಿತು. ಇನ್ನು ಬರಕ್ಕೆ ಹೆದರಬೇಕಾಗಿಲ್ಲವೆಂಬ ನಂಬಿಕೆ ಹುಟ್ಟಿತು.

ಆದರೆ ಧಾನ್ಯವನ್ನು ತರುವ ದಾರಿಯು ಮಾರಿಯನ್ನೂ ತಂದಿತು. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ತಲೆದೋರಿತು. ಮಾಂಡವಿಯು ಬಂದರಿನ ಪಕ್ಕದ ಧಾನ್ಯದ ಉಗ್ರಾಣಗಳ ಕೇರಿ. ಧಾನ್ಯವಿದ್ದಲ್ಲಿ ಇಲಿಯುಂಟು, ಇಲಿಯಿದ್ದಲ್ಲಿ ಅದರ ಚಿಗಟವುಂಟು. ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಸಿಮೊನ್ 1898ರಲ್ಲಿ ಕಂಡುಹಿಡಿದನು. ಅದೇ ವರ್ಷ ಆಗಸ್ಟಿನಲ್ಲಿ ರೋಗವು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಪೇಟೆಯ ಜನರು ಮನೆಗಳಿಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲುಗಳಲ್ಲಿ ನಿಂತರು. ಬಸವನಗುಡಿ, ಮಲ್ಲೇಶ್ವರಗಳು ಬೇಗನೆ ಬೆಳೆದುದು ಇದರ ತರುವಾಯ. ಅಂಗಡಿಯವನೂ ಗಾಡಿಯವನೂ ಮೂಟೆ ಹೊರುವವನೂ ಊರು ಬಿಟ್ಟರೆ ಹಳಿಯೊಂದರಿಂದಲೇ ಊಟವಾಗುವುದೆ?

ಈ ಪ್ರಶ್ನೆಯು 2020ರಲ್ಲಿ ಮರಳಿ ಬಂದಿತು. ಕೊರೋನಾ ಸೋಂಕಿನ ನಿಮಿತ್ತ ಮಾರ್ಚ್ 25ರಿಂದ ದೇಶವೆಲ್ಲವೂ ಬಾಗಿಲು ಮುಚ್ಚಿತು. ಸರಕಿನ ರೈಲುಗಳೇನೋ ಓಡುತ್ತಿದ್ದುವು. ಆದರೆ ಲಾರಿಯ ಚಾಲಕನಿಗೆ ದಾರಿಯಲ್ಲಿ ಊಟವಿಲ್ಲ, ಚಕ್ರ ಕೆಟ್ಟರೆ ರಿಪೇರಿಯವನಿಲ್ಲ, ಮೂಟೆ ಇಳಿಸಲು ಹಮಾಲಿಯಿಲ್ಲ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯು ತಿಂಗಳುಗಟ್ಟಲೆ ಮುಚ್ಚಿತ್ತು. ಚಿಕ್ಕಬಳ್ಳಾಪುರದ ದ್ರಾಕ್ಷಿಯು ಬಳ್ಳಿಯಲ್ಲಿಯೇ ಕೊಳೆಯತೊಡಗಿತು. ಆದರೂ 1965ರಲ್ಲಿ ಸ್ಥಾಪಿತವಾದ ಆಹಾರ ನಿಗಮದ ಉಗ್ರಾಣಗಳು ತುಂಬಿದ್ದುದರಿಂದ ಏಪ್ರಿಲಿನಿಂದ ಸುಮಾರು 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಉಚಿತವಾಗಿ ಹಂಚಲು ಸಾಧ್ಯವಾಯಿತು. ಕೂಡಿಡಬಲ್ಲ ಧಾನ್ಯವು ಉಳಿಯಿತು. ಕೂಡಿಡಲಾಗದ ಹಣ್ಣು ತರಕಾರಿಗಳು ಕೆಟ್ಟುವು.

ಅವುಗಳಲ್ಲಿಯೂ ಕೆಲವು ಉಳಿದುವು. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಹುಟ್ಟಿ, ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾಗಿದ್ದಿತು. ಬೆಳೆಗಾರನಿಂದ ಕೊಂಡು ತನ್ನ ಮಳಿಗೆಗಳಲ್ಲಿ ತಾನೇ ಮಾರುವುದು ಅದರ ಪದ್ಧತಿ. ದೊಡ್ಡ ಮಾರುಕಟ್ಟೆಯು ಮುಚ್ಚಿದಾಗ ಈ ಸಂಘದ ವಾಹನಗಳು ಬೀದಿಬೀದಿಗೆ ತರಕಾರಿ ಹಣ್ಣುಗಳನ್ನು ಒಯ್ದುವು. ಅರವತ್ತು ವರ್ಷಗಳ ಹಿಂದೆ ಬೇರೊಂದು ಉದ್ದೇಶದಿಂದ ಕಟ್ಟಿದ ಸಣ್ಣ ದಾರಿಯು, ಹೆದ್ದಾರಿಯು ನಿಂತ ದಿನ ಊರಿಗೆ ಒದಗಿತು.

ಈ ಚರಿತ್ರೆಯಲ್ಲಿ ಹಗೇವನ್ನು ನೆಚ್ಚಿದವರು ಮಳೆಯಿಂದಲೂ, ಹಳಿಯನ್ನು ನೆಚ್ಚಿದವರು ಮಾರಿಯಿಂದಲೂ ಸೋತರು. ಒಂದೇ ಕಣಜ, ಒಂದೇ ದಾರಿ, ಒಂದೇ ಸಂತೆ ಎಂಬುದು ಸುಭಿಕ್ಷದ ಕಾಲದಲ್ಲಿ ಅಗ್ಗವಾಗಿ ತೋರುವುದು; ಆಪತ್ಕಾಲದಲ್ಲಿ ಅದರ ಬೆಲೆಯನ್ನು ಬಡವನು ತೆರುವನು. ಊರಿಗೆ ಹತ್ತಿರವಾದ ಉಗ್ರಾಣ, ಬೆಳೆದವನಿಗೂ ಉಣ್ಣುವವನಿಗೂ ನಡುವೆ ಹಲವು ದಾರಿಗಳು, ಮೂಟೆ ಹೊರುವವನ ಆರೋಗ್ಯಕ್ಕೂ ಊಟಕ್ಕೂ ಏರ್ಪಾಡು, ಇವನ್ನು ಮಾರಿಯು ಬಾರದಿರುವಾಗಲೇ ಸಿದ್ಧಪಡಿಸಬೇಕು. ಹಗೇವನ್ನು ತೋಡಿದ ಒಕ್ಕಲಿಗನು ಒಳ್ಳೆಯ ಮಳೆಯಾದ ವರ್ಷದಲ್ಲಿಯೇ ಅದನ್ನು ತೋಡಿದನು.