ರಾಘೋಬನು ಏಕೆ ಹಿಂದಿರುಗಲಿಲ್ಲ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಾದ ನಾವು ಎರಡು ನುಡಿಗಳ ನಡುವೆ ಬೆಳೆದವರು. ಮನೆಯ ಹಾಡು ಕನ್ನಡದ್ದು, ಪೇಟೆಯ ಮಾತು ಮರಾಠಿಯದು. ಆದುದರಿಂದ ಮರಾಠಿಯ ‘ಧ ಚಾ ಮಾ’ ಎಂಬ ಗಾದೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದಕ್ಷರ ತಿದ್ದಿ ಅರ್ಥವನ್ನೇ ಕೆಡಿಸುವುದಕ್ಕೆ ಈ ಮಾತು. ‘ಧರಾವೇ’, ಅಂದರೆ ‘ಹಿಡಿಯತಕ್ಕದ್ದು’ ಎಂದಿದ್ದ ಆಜ್ಞೆಯನ್ನು ಆನಂದೀಬಾಯಿಯು ‘ಮಾರಾವೇ’, ಅಂದರೆ ‘ಕೊಲ್ಲತಕ್ಕದ್ದು’ ಎಂದು ತಿದ್ದಿದಳೆಂಬುದು ಜನಜನಿತವಾದ ಕಥೆ. ಇದು ಕಥೆಯೇ ಹೊರತು ಸಿದ್ಧಪಟ್ಟ ಇತಿಹಾಸವಲ್ಲ. ಆದರೂ ಇದು ಏಕೆ ಹುಟ್ಟಿತೆಂಬುದು ವಿಚಾರಾರ್ಹ. ಅಟಕಿನವರೆಗೆ ಮರಾಠರ ಕೀರ್ತಿಯನ್ನು ಒಯ್ದ ವೀರನು ಅಣ್ಣನ ಮಗನನ್ನು ಕೊಲ್ಲಿಸಿದನೆಂದು ನಂಬಲು ಜನರ ಮನಸ್ಸು ಒಪ್ಪಲಿಲ್ಲ. ತಪ್ಪನ್ನು ಒಂದು ಅಕ್ಷರದ ಮೇಲೆಯೂ ಒಬ್ಬ ಹೆಂಗಸಿನ ಮೇಲೆಯೂ ಹೊರಿಸಿತು.

ಆ ವೀರನೇ ರಘುನಾಥರಾಯ. ರೂಢಿಯ ಹೆಸರು ರಾಘೋಬ. ಒಂದನೆಯ ಬಾಜೀರಾಯನ ಮಗನಾಗಿ 1734ರಲ್ಲಿ ಹುಟ್ಟಿದವನು. 1758ರ ಏಪ್ರಿಲಿನಲ್ಲಿ ಅವನು ಲಾಹೋರನ್ನು ಪ್ರವೇಶಿಸಿದಾಗ ವಯಸ್ಸು 24 ತುಂಬಿರಲಿಲ್ಲ. ಅವನ ದಂಡು ಸಿಂಧೂ ನದಿಯ ದಡದ ಅಟಕಿನವರೆಗೆ ನಡೆಯಿತು. ಅಲ್ಲಿಂದ ಮುಂದೆ ‘ರಾಘೋ ಭರಾರಿ’ ಎಂಬ ಬಿರುದು ಅವನಿಗೆ ಅಂಟಿಕೊಂಡಿತು. ಆದರೆ ದಂಡಯಾತ್ರೆಯಿಂದ ಹಿಂದಿರುಗಿದವನನ್ನು ಪುಣೆಯಲ್ಲಿ ಎದುರುಗೊಂಡದ್ದು ಲೆಕ್ಕಪತ್ರ. ಕೊಳ್ಳೆಯ ಹಣ ಬರಬೇಕಾದಲ್ಲಿ ಸಾಲದ ಹೊರೆ ಬಂದಿತೆಂದು ಖಜಾನೆಯ ಹೊಣೆ ಹೊತ್ತವರು ಆಕ್ಷೇಪಿಸಿದರು. ಮುಂದಿನ ಉತ್ತರದ ದಂಡಯಾತ್ರೆಯ ಮುಂದಾಳ್ತನ ಸದಾಶಿವರಾಯ ಭಾವೂನ ಪಾಲಾಯಿತು. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಅದು ನಾಶವಾಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಪೇಶ್ವೆ ನಾನಾಸಾಹೇಬನೂ ತೀರಿಕೊಂಡನು. ವಂಶದಲ್ಲಿ ಉಳಿದ ಹಿರಿಯ ಗಂಡಸು ರಾಘೋಬನೊಬ್ಬನೇ. ಆದರೂ ಗದ್ದುಗೆಯೇರಿದವನು 16 ವರ್ಷದ ಹುಡುಗ, ನಾನಾಸಾಹೇಬನ ಮಗ ಮಾಧವರಾಯ.

ರಾಘೋಬನ ಪತನ ಒಂದೇ ದಿನದಲ್ಲಿ ಆದುದಲ್ಲ. ತನಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬ ಕೊರಗು ಮೊದಲು ಮನಸ್ಸನ್ನು ಹೊಕ್ಕಿತು. 1762ರಲ್ಲಿ ಅವನು ವಂಶದ ಹಳೆಯ ವೈರಿಯಾದ ನಿಜಾಮನ ನೆರವು ಪಡೆದು ಅಣ್ಣನ ಮಗನ ಮೇಲೆ ಸೇನೆ ತಂದನು. ಮಾಧವರಾಯನು ಮನೆ ಒಡೆಯಬಾರದೆಂದು ತಾನೇ ಹೋಗಿ ಚಿಕ್ಕಪ್ಪನಿಗೆ ಶರಣಾದನು. ಮರುವರ್ಷ ರಾಕ್ಷಸಭುವನದ ಯುದ್ಧದಲ್ಲಿ ಅದೇ ನಿಜಾಮನ ಸೈನ್ಯವು ರಾಘೋಬನನ್ನು ಸುತ್ತುಗಟ್ಟಿದಾಗ ಬಿಡಿಸಿ ತಂದವನು ಮಾಧವರಾಯನೇ. ಹಿಂದಿರುಗುವುದಕ್ಕೆ ಅದು ಮೊದಲನೆಯ ಬಾಗಿಲು. ರಾಘೋಬನು ಅದನ್ನು ಹಾಯಲಿಲ್ಲ. ಉಪಕಾರವನ್ನು ಅಪಮಾನವೆಂದು ಬಗೆಯುವ ಮನಸ್ಸಿಗೆ ಕೃತಜ್ಞತೆಯೂ ಒಂದು ಗಾಯವೇ. 1768ರಲ್ಲಿ ಧೋಡಪದ ಬಳಿ ಮತ್ತೆ ಕಾದಿ ಸೋತು ಶನಿವಾರವಾಡೆಯಲ್ಲಿ ಸೆರೆಯಾದನು.

ಎರಡನೆಯ ಬಾಗಿಲು ತೆರೆದುದು 1772ರಲ್ಲಿ. ಕ್ಷಯರೋಗದಿಂದ ಥೇವೂರಿನಲ್ಲಿ ಮರಣಶಯ್ಯೆಯ ಮೇಲಿದ್ದ ಮಾಧವರಾಯನು ಚಿಕ್ಕಪ್ಪನನ್ನು ಕರೆಸಿ, ತಮ್ಮನಾದ ನಾರಾಯಣರಾಯನನ್ನು ಅವನ ಕೈಗೆ ಒಪ್ಪಿಸಿದನು. ಒಂದು ವರ್ಷವೂ ಕಳೆಯಲಿಲ್ಲ. 1773ರ ಆಗಸ್ಟ್ 30ರಂದು ಸಂಬಳ ಬಾಕಿಯ ನೆವದಿಂದ ಗಾರ್ದಿಗಳು ಶನಿವಾರವಾಡೆಗೆ ನುಗ್ಗಿದರು. ಹದಿನೆಂಟರ ಪೇಶ್ವೆಯು ಓಡಿ ಬಂದು ಚಿಕ್ಕಪ್ಪನನ್ನು ತಬ್ಬಿಕೊಂಡನು, ಅಲ್ಲಿಯೇ ಹತನಾದನು. ‘ಕಾಕಾ, ನನ್ನನ್ನು ಕಾಪಾಡಿ’ ಎಂಬ ಆ ಕೂಗು ಇಂದಿಗೂ ಆ ವಾಡೆಯ ಗೋಡೆಗಳ ನಡುವೆ ಕೇಳಿಬರುತ್ತದೆಂದು ಪುಣೆಯ ಜನ ಹೇಳುವುದುಂಟು.

ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ವಿಚಾರಣೆ ನಡೆಸಿ ರಾಘೋಬನನ್ನೇ ಅಪರಾಧಿಯೆಂದರು. ಪ್ರಾಯಶ್ಚಿತ್ತವೇನೆಂದು ಅವನು ಕೇಳಿದಾಗ ದೇಹಾಂತವೊಂದೇ ಎಂದು ಉತ್ತರಿಸಿ, ಪುಣೆಯನ್ನೇ ತೊರೆದರೆಂದು ಪರಂಪರೆ ಹೇಳುತ್ತದೆ. ನ್ಯಾಯನಿಷ್ಠೆಗೆ ಆ ಹೆಸರು ಇಂದಿಗೂ ಮಾದರಿ. ಆದರೆ ಅಪರಾಧಿಯ ಕಡೆಯಿಂದ ಆ ತೀರ್ಪನ್ನು ಒಮ್ಮೆ ನೋಡೋಣ. ಒಳ್ಳೆಯತನಕ್ಕೆ ಮರಳುವ ದಾರಿ ಇನ್ನು ಒಂದೇ, ಅದು ಮರಣದ್ದು. ಕೆಡುಕಿನ ದಾರಿಯಲ್ಲಾದರೋ ಗದ್ದುಗೆಯಿದೆ, ಜೀವವಿದೆ, ಹೆಂಡತಿ ಮಕ್ಕಳ ಬಾಳಿದೆ. ಕೊಲೆಯಲ್ಲಿ ಕೈಗೂಡಿಸಿದವರ ತಲೆಗಳೂ ಅವನ ಅಧಿಕಾರಕ್ಕೆ ಕಟ್ಟಿಕೊಂಡಿವೆ. ಮೊದಲು ಆಸೆಯಿಂದ ಹಿಡಿದ ದಾರಿಯನ್ನು ಇಲ್ಲಿಂದ ಮುಂದೆ ಅವನು ಭಯದಿಂದ ನಡೆದನು.

ಸಾತಾರೆಯಿಂದ ಪೇಶ್ವೆ ಪದವಿಯ ವಸ್ತ್ರಗಳು ಬಂದವು. ಹೊಸ ಪೇಶ್ವೆಯು ಹಳೆಯ ಮದ್ದನ್ನೇ ನೆನೆದು ದಂಡೆತ್ತಿ ಹೊರಟನು. ಹೊಸ ಗೆಲುವೊಂದು ಹಳೆಯ ರಕ್ತವನ್ನು ತೊಳೆದೀತೆಂಬುದು ಅವನ ಎಣಿಕೆಯಾಗಿರಬೇಕು. ಆ ದಂಡು ಬಂದದ್ದು ನಮ್ಮ ಕನ್ನಡ ಸೀಮೆಗೇ. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಕಲ್ಯಾಣದುರ್ಗದ ಬೀಡಿನಲ್ಲಿ ಅವನು ಹೈದರಾಲಿಯೊಡನೆ ಒಪ್ಪಂದ ಮಾಡಿಕೊಂಡನು. ತನ್ನನ್ನು ಪೇಶ್ವೆಯೆಂದು ಮನ್ನಿಸಿ ವರ್ಷಕ್ಕೆ 6 ಲಕ್ಷ ರೂಪಾಯಿ ಕಪ್ಪ ಕೊಡುವುದಾದರೆ, ಮಾಧವರಾಯನು ವರ್ಷಗಟ್ಟಲೆ ಕಾದಿ ಗೆದ್ದಿದ್ದ ನೆಲವನ್ನು ಬಿಟ್ಟುಕೊಡಲು ಸಿದ್ಧನಾದನು.

ಅಷ್ಟರಲ್ಲಿ ಪುಣೆಯಲ್ಲಿ ಸಖಾರಾಮ ಬಾಪು, ನಾನಾ ಫಡಣವೀಸ ಮೊದಲಾದವರು ‘ಬಾರಭಾಯಿ’ ಎಂಬ ಕೂಟ ಕಟ್ಟಿ, ನಾರಾಯಣರಾಯನ ಗರ್ಭಿಣಿ ಪತ್ನಿ ಗಂಗಾಬಾಯಿಯನ್ನು ಪುರಂದರದ ಕೋಟೆಗೆ ಸಾಗಿಸಿದ್ದರು. ರಾಘೋಬನು ಹಿಂದಿರುಗಿ 1774ರ ಮಾರ್ಚ್ ತಿಂಗಳಲ್ಲಿ ಪಂಢರಪುರದ ಬಳಿಯ ಕಾಸೇಗಾವಿನಲ್ಲಿ ಅವರ ಸೇನಾನಿ ತ್ರಿಂಬಕರಾವ ಪೇಠೆಯನ್ನು ಸೋಲಿಸಿದನು. ವಿಠ್ಠಲನ ದರ್ಶನಕ್ಕೆ ಹೋಗಿಬರುವ ನಮ್ಮಲ್ಲಿ ಎಷ್ಟೋ ಮಂದಿ ಆ ನೆಲವನ್ನು ಅರಿಯದೆಯೇ ದಾಟಿದ್ದೇವೆ. ಗೆದ್ದರೂ ಅವನಿಗೆ ಪುಣೆ ದಕ್ಕಲಿಲ್ಲ. ಏಪ್ರಿಲ್ 18ರಂದು ಪುರಂದರದಲ್ಲಿ ಗಂಡುಮಗು ಹುಟ್ಟಿತು. 40 ದಿನದ ಆ ಶಿಶುವೇ ಪೇಶ್ವೆಯಾಯಿತು. ಅಟಕಿನ ವೀರನು ತೊಟ್ಟಿಲಿನ ಕೂಸಿಗೆ ಸೋತನು.

ಮುಂದಿನದು ಬಲ್ಲವರು ಬಲ್ಲ ಕಥೆ. 1775ರ ಮಾರ್ಚ್ 6ರಂದು ಸೂರತ್ ಒಪ್ಪಂದದಲ್ಲಿ ಸಾಷ್ಟಿ ಮತ್ತು ವಸಯಿಗಳನ್ನು ಇಂಗ್ಲಿಷರಿಗೆ ಬರೆದುಕೊಟ್ಟನು. ಆ ವಸಯಿಯನ್ನು ಪೋರ್ತುಗೀಸರಿಂದ ಗೆದ್ದವನು ಅವನ ಸ್ವಂತ ಚಿಕ್ಕಪ್ಪ ಚಿಮಾಜಿ ಅಪ್ಪ. 1776ರ ಪುರಂದರ ಒಪ್ಪಂದವು ವಿಶ್ರಾಂತಿವೇತನ ಕೊಟ್ಟು ಕೋಪರಗಾವಿನಲ್ಲಿ ನೆಮ್ಮದಿಯಾಗಿ ಇರಲು ಅವಕಾಶ ಮಾಡಿತು, ಒಲ್ಲೆನೆಂದನು. 1779ರ ಜನವರಿಯಲ್ಲಿ ವಡಗಾವಿನಲ್ಲಿ ಇಂಗ್ಲಿಷರೇ ಸೋತಾಗ ಮಹಾದಜಿ ಶಿಂದೆಗೆ ಶರಣಾದನು; ದಾರಿಯಲ್ಲಿ ತಪ್ಪಿಸಿಕೊಂಡು ಮತ್ತೆ ಇಂಗ್ಲಿಷರನ್ನೇ ಸೇರಿದನು. ಬಾಗಿಲುಗಳು ತೆರೆದಂತೆಲ್ಲ ತಾನೇ ಮುಚ್ಚುತ್ತ ಬಂದನು. 1782ರ ಸಾಲಬಾಯಿ ಒಪ್ಪಂದದಲ್ಲಿ ಇಂಗ್ಲಿಷರು ಅವನನ್ನು ಕೈಬಿಟ್ಟ ಬಳಿಕ, ಆರು ವರ್ಷ ಹಿಂದೆ ಒಲ್ಲೆನೆಂದ ಅದೇ ಕೋಪರಗಾವಿಗೆ ಹೋಗಿ 1783ರ ಡಿಸೆಂಬರಿನಲ್ಲಿ ಗೋದಾವರಿಯ ತೀರದಲ್ಲಿ ಕಣ್ಣುಮುಚ್ಚಿದನು.

ಏಕೆ ಹಿಂದಿರುಗಲಿಲ್ಲ? ಭಯವೆಂದರೆ ಅರ್ಧ ಉತ್ತರ ಮಾತ್ರ. ಪುರಂದರ ಒಪ್ಪಂದದಲ್ಲಿ ಜೀವಭಯ ಇರಲಿಲ್ಲ. ಬಿಡಬೇಕಾದುದು ಹಕ್ಕಿನ ಮಾತೊಂದನ್ನೇ. ಅದನ್ನು ಬಿಟ್ಟರೆ, ಗದ್ದುಗೆ ತನ್ನದಲ್ಲವೆಂದು ಒಪ್ಪಿದಂತಾಗುತ್ತಿತ್ತು. ಗದ್ದುಗೆ ತನ್ನದಲ್ಲವಾದರೆ ನಾರಾಯಣರಾಯನ ಸಾವಿಗೆ ಯಾವ ಅರ್ಥವೂ ಉಳಿಯುವುದಿಲ್ಲ. ಅದು ಬರಿಯ ಕೊಲೆ. ಮಾಡಿದ ಪಾಪಕ್ಕೆ ಅರ್ಥ ಕೊಡಲೆಂದೇ ಅವನು ಮುಂದಿನ ಪಾಪಗಳನ್ನು ಮಾಡಿದನು. ತಾನು ಖಳನೆಂದು ಅವನಿಗೆ ಎಂದೂ ಅನಿಸಿರಲಾರದು. ಅಟಕಿನ ನೆನಪು ಅವನನ್ನು ತಿದ್ದುವ ಬದಲು ಸಮರ್ಥಿಸುತ್ತಲೇ ಹೋಯಿತು.

ನಮ್ಮ ರನ್ನನ ದುರ್ಯೋಧನನೂ ಸಂಧಿಯನ್ನು ಒಲ್ಲನು. ಭೀಷ್ಮರು ಹೇಳಿದರೂ ಕೇಳನು. ಆದರೂ ಓದುಗನು ಅವನಿಗಾಗಿ ಮರುಗುತ್ತಾನೆ. ಏಕೆಂದರೆ ಅವನ ಛಲದ ಹಿಂದೆ ಮಡಿದ ಕರ್ಣನ, ದುಶ್ಶಾಸನನ ಮೇಲಣ ಮಮತೆಯಿದೆ. ರಾಘೋಬನ ಛಲದಲ್ಲಿ ಆ ಮಮತೆ ಇರಲಿಲ್ಲ. ತನ್ನನ್ನು ತಬ್ಬಿಕೊಂಡವನೇ ಅಲ್ಲಿ ಮಡಿದವನು.

ಆ ಛಲದ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ಪುಣೆಯ ಒಡಕನ್ನು ಕಂಡ ಹೈದರನು ಬಳ್ಳಾರಿ, ಗುತ್ತಿಗಳನ್ನು ಹಿಡಿದು 1770ರ ದಶಕದ ಕೊನೆಯ ಹೊತ್ತಿಗೆ ಕೃಷ್ಣೆಯವರೆಗೆ ಬಂದನು. ತುಂಗಭದ್ರೆ ಕೃಷ್ಣೆಗಳ ನಡುವಣ ಕನ್ನಡ ರೈತನು ಒಂದೇ ತಲೆಮಾರಿನಲ್ಲಿ ಮತ್ತೆ ಮತ್ತೆ ಒಡೆಯರನ್ನು ಕಂಡನು. ರಾಘೋಬನ ಮಗ ಎರಡನೆಯ ಬಾಜೀರಾಯನು ತಂದೆ ತೋರಿದ ದಾರಿಯಲ್ಲೇ ನಡೆದು, 1802ರಲ್ಲಿ ವಸಯಿಯಲ್ಲಿ ಇಂಗ್ಲಿಷರ ಆಶ್ರಯ ಬೇಡಿದನು. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋನ ಸೈನ್ಯವು ಸೊಲ್ಲಾಪುರದ ಕೋಟೆಯನ್ನು ಹಿಡಿದಾಗ, 1773ರ ಆ ದಿನ ಆರಂಭವಾದ ಕಥೆಯು ನಮ್ಮ ಊರಿನ ಬಾಗಿಲಲ್ಲೇ ಮುಗಿಯುತ್ತ ಬಂದಿತ್ತು.

ಸಿದ್ಧೇಶ್ವರನ ಕೆರೆಯ ಬದಿಯಲ್ಲಿ ಆ ಕೋಟೆಯ ಗೋಡೆಗಳು ಇಂದಿಗೂ ನಿಂತಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಗೆದ್ದವರ ಹೆಸರುಗಳನ್ನು ಹೇಳುತ್ತೇವೆ. ಜೊತೆಗೆ ಇದನ್ನೂ ಹೇಳೋಣ: ತಪ್ಪುವುದು ವೀರರಿಗೂ ಸಹಜ, ಆದರೆ ‘ತಪ್ಪಿದೆ’ ಎನ್ನುವ ಒಂದು ಮಾತನ್ನು ಆಡಲಾರದೆ ಹೋದವನು ತನ್ನೊಡನೆ ತನ್ನ ಮನೆಯನ್ನೂ ನಾಡನ್ನೂ ಕಳೆದನು.