ದಾಕ್ಷಿಣ್ಯ, ಮುಯ್ಯಿ ಮತ್ತು ಕಚೇರಿಯ ಕ್ರಿಸ್ಮಸ್ ಕೂಟ

ಮೈಸೂರು ನಗರದ ನೈಋತ್ಯ ದಿಕ್ಕಿನಲ್ಲಿ, ಕುವೆಂಪುನಗರ ರಾಮಕೃಷ್ಣನಗರಗಳನ್ನು ದಾಟಿದ ಮೇಲೆ ಸಿಕ್ಕುವ ದಟ್ಟಗಳ್ಳಿ, ಹಳ್ಳಿಯೆಂಬ ಹೆಸರಿನ ಗುರುತನ್ನು ಬಿಡದೆಯೇ ಬಡಾವಣೆಯಾಗಿ ಬೆಳೆದುನಿಂತ ಪ್ರದೇಶ. ನಿವೃತ್ತ ಅಧ್ಯಾಪಕರೂ ಸರ್ಕಾರಿ ನೌಕರರೂ ಕಟ್ಟಿಸಿದ ಇಲ್ಲಿನ ಮನೆಗಳಿಂದ ಅವರ ಮಕ್ಕಳು, ಸೊಸೆಯಂದಿರು ಹೆಬ್ಬಾಳ, ಹೂಟಗಳ್ಳಿಗಳ ಕಡೆಯ ಕಂಪನಿಗಳಿಗೆ ದಿನವೂ ಹೊರಡುತ್ತಾರೆ. ಡಿಸೆಂಬರಿನ ಮಧ್ಯದಲ್ಲಿ ಧನುರ್ಮಾಸ ಹಿಡಿದ ಮೇಲೆ, ಸೂರ್ಯೋದಯಕ್ಕೆ ಮುನ್ನ ದೇವಸ್ಥಾನಕ್ಕೆ ಹೋಗಿ ಹುಗ್ಗಿಯ ದೊನ್ನೆಯನ್ನು ಹಿಡಿದು ಮನೆಗೆ ಮರಳಿದವರೇ ಅದೇ ದಿನದ ಅಪರಾಹ್ಣ ಹತ್ತಿಯ ಅಂಚಿನ ಕೆಂಪು ಟೊಪ್ಪಿಗೆಯನ್ನು ಧರಿಸಿ ಸಹೋದ್ಯೋಗಿಗಳ ನಡುವೆ ಕೇಕಿನ ತಟ್ಟೆಯೊಡನೆ ನಿಂತಿರುವುದುಂಟು. ಸಂಜೆ ಮನೆಗೆ ಬಂದು ಅವರು ಆಡುವ ಮಾತು ಒಂದೇ ಬಗೆಯದು: “ಮುಖ ತೋರಿಸಿ ಬಂದೆ.” ಯಾರೂ ಬಲಾತ್ಕರಿಸದ, ತಿನಿಸೂ ಸಂಗೀತವೂ ಉಳ್ಳ ಕೂಟವೊಂದು ಸಹಿಸಿಕೊಂಡು ಬರಬೇಕಾದ ಕಾರ್ಯವಾಗಿ ಪರಿಣಮಿಸುವುದೇಕೆ ಎಂಬುದೇ ಈ ಲೇಖನದ ವಿಚಾರ.

ಹಬ್ಬವು ಪರಕೀಯವಾದುದರಿಂದ ಹೀಗಾಗುತ್ತದೆಂಬ ಸುಲಭವಾದ ಸಮಾಧಾನ ಮೈಸೂರಿನ ಮಟ್ಟಿಗೆ ನಿಲ್ಲಲಾರದು. ಇಂದು ಸಂತ ಫಿಲೋಮಿನಾ ಚರ್ಚು ಇರುವ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿಯೇ, ಒಂದು ಚರ್ಚು ನಿರ್ಮಾಣವಾಗಿತ್ತು. 1926ರಲ್ಲಿ ಮಹಾರಾಜರ ಕಾರ್ಯದರ್ಶಿಗಳಾಗಿದ್ದ ತಂಬುಚೆಟ್ಟಿಯವರು ಸಂತಳ ಅವಶೇಷವನ್ನು ಇಲ್ಲಿಗೆ ತರಿಸಿದರು. 1933ರಲ್ಲಿ ಈಗಿನ ಭವ್ಯಮಂದಿರಕ್ಕೆ ಅಸ್ತಿಭಾರವನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಡಿಸೆಂಬರ್ 25ರ ಸಂಜೆ ದಟ್ಟಗಳ್ಳಿಯ ಎಷ್ಟೋ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಅಶೋಕ ರಸ್ತೆಗೆ ಹೋಗಿ, ನೂಕುನುಗ್ಗಲಿನ ಸಾಲಿನಲ್ಲಿ ನಿಂತು, ಗೋದಲಿಯನ್ನು ನೋಡಿ ಬರುತ್ತವೆ. ಆ ಸಾಲಿನಲ್ಲಿ ನಿಂತ ಕಾಲುನೋವನ್ನು ಯಾರೂ ಸಂಕಟವೆಂದು ವರ್ಣಿಸಿದ್ದನ್ನು ನಾನು ಕೇಳಿಲ್ಲ.

ಕಚೇರಿಯ ಕೂಟದ ಮೂಲವಾದರೋ ಬೇರೆ. ಮೈಸೂರಿನಲ್ಲಿ ಆ ಮೊದಲ ಚರ್ಚು ಎದ್ದ 1843ರಲ್ಲಿಯೇ ಲಂಡನ್ನಿನಲ್ಲಿ ಚಾರ್ಲ್ಸ್ ಡಿಕೆನ್ಸನ ಕ್ರಿಸ್ಮಸ್ ಕಥೆ ಪ್ರಕಟವಾಯಿತು. ಅದರಲ್ಲಿ ಫೆಜಿವಿಗ್ ಎಂಬ ವರ್ತಕನು ಹಬ್ಬದ ಮುನ್ನಾದಿನ ತನ್ನ ಮಳಿಗೆಯನ್ನೇ ತೆರವುಗೊಳಿಸಿ, ಪಿಟೀಲಿನವನನ್ನು ಕರೆಸಿ, ಕೆಲಸಕ್ಕಿದ್ದ ಹುಡುಗರಿಂದ ಮೊದಲ್ಗೊಂಡು ಎಲ್ಲರೊಡನೆ ಕುಣಿಯುತ್ತಾನೆ. ಯಜಮಾನನೂ ಕುಣಿದನೆಂಬುದು ಆ ಪ್ರಸಂಗದ ಜೀವಾಳ. ನಮ್ಮ ಕಚೇರಿಗಳು ಆ ಕೂಟದ ಅಲಂಕಾರವನ್ನು ಸ್ವೀಕರಿಸಿದವು. ಮೇಲಿನವನು ತನ್ನ ಮೇಲ್ತನವನ್ನು ಒಂದು ರಾತ್ರಿಯ ಮಟ್ಟಿಗೆ ಕೆಳಗಿಡುವ ಆ ಭಾಗ ಮಾತ್ರ ಎಲ್ಲ ಕಡೆಯೂ ಬಂದಂತೆ ಕಾಣುವುದಿಲ್ಲ.

ಕೆಲಸದ ಸ್ಥಳದಲ್ಲಿ ಹಬ್ಬ ಮಾಡುವುದು ಮೈಸೂರಿಗೆ ಹೊಸತೇನೂ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮಹಾನವಮಿಯ ಆಯುಧಪೂಜೆಯಂದು ಗ್ಯಾರೇಜಿನಿಂದ ಹಿಡಿದು ಗಣಕಯಂತ್ರಗಳ ಕೊಠಡಿಯವರೆಗೆ ಎಲ್ಲೆಡೆಯೂ ಹಬ್ಬವೇ. ಒಬ್ಬನು ಮೇಜನ್ನು ಒರೆಸುತ್ತಾನೆ. ಒಬ್ಬಳು ಸೇವಂತಿಗೆಯನ್ನು ಮೊಳ ಹಾಕಿ ಕತ್ತರಿಸುತ್ತಾಳೆ. ಇನ್ನೊಬ್ಬನು ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬುತ್ತಾನೆ. ಕಡ್ಲೆಪುರಿಯ ಪೊಟ್ಟಣ ಕೈಗೆ ಬಂದೊಡನೆ ಹೊರಡಲು ಅನುಮತಿ ದೊರೆತಂತೆ. ಅಲ್ಲಿ ಪೂಜೆಗೊಳ್ಳುವುದು ಉಪಕರಣ. ಅದರ ಮುಂದೆ ಮಾಲೀಕನೂ ಕೈಮುಗಿಯುತ್ತಾನೆ. ಮಾತು ಬಾರದವನು, ಸಂಕೋಚದವನು, ಮನೆಯಲ್ಲಿ ದುಃಖವಿರುವವನು ಹೂವಿನ ಬುಟ್ಟಿ ಹಿಡಿದು ನಿಂತರೆ ಸಾಕು, ಹಬ್ಬದಲ್ಲಿ ಅವನ ಪಾಲು ಸಂದಂತಾಯಿತು. ಅರಮನೆಯ ದಸರಾ ದರ್ಬಾರಿನಲ್ಲಿಯೂ ಅಧಿಕಾರಿಗೆ ಉಡುಪು ಗೊತ್ತಿತ್ತು, ಸ್ಥಾನ ಗೊತ್ತಿತ್ತು, ನಜರು ಒಪ್ಪಿಸುವ ಕ್ರಮ ಗೊತ್ತಿತ್ತು. ಕಟ್ಟುಪಾಡು ಕಠಿಣವಾಗಿದ್ದರೂ ಸಂತೋಷವನ್ನು ನಟಿಸಬೇಕೆಂಬ ವಿಧಿ ಅದರಲ್ಲಿ ಸೇರಿರಲಿಲ್ಲ.

ಕ್ರಿಸ್ಮಸ್ ಕೂಟದಲ್ಲಾದರೆ ಉದ್ಯೋಗಿಗೆ ಒದಗುವ ಏಕಮಾತ್ರ ಕರ್ತವ್ಯ ಉಲ್ಲಾಸ. ಒಲ್ಲೆನೆನ್ನಲು ಅವನನ್ನು ಬಿಡದಿರುವುದು ಭಯಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ. ಸಂಸ್ಕೃತದಲ್ಲಿ ಸೌಜನ್ಯವೆಂಬ ಅರ್ಥಕ್ಕೆ ಸಲ್ಲುವ ಈ ಶಬ್ದ ಕನ್ನಡದ ಬಳಕೆಯಲ್ಲಿ ‘ಇಲ್ಲ’ ಎನ್ನಲಾರದವನ ಇಕ್ಕಟ್ಟನ್ನೂ ಒಳಗೊಂಡಿದೆ. ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆಯನ್ನು ಬಲ್ಲ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಕೇಳಿದರೆ ಹಂಚುವವರಿಗೆ ನೋವಾದೀತೆಂದು, ಕೇಳದೆಯೇ ತುಂಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ದಟ್ಟಗಳ್ಳಿಯ ಬಸ್ಸಿನಲ್ಲಿ ಅದನ್ನು ಅಂಗೈಯಲ್ಲಿ ಕಾಪಾಡುತ್ತ ತಂದು ಪಕ್ಕದ ಮನೆಯ ಮಗುವಿಗೆ ಕೊಟ್ಟ ಹಿರಿಯರೊಬ್ಬರನ್ನು ನಾನು ಬಲ್ಲೆ. ಅದು ಹಾಳಾಗಬಾರದೆಂಬ ಕಳಕಳಿ ಅವರಿಗಿತ್ತು. ಇದನ್ನು ಹೇಡಿತನವೆಂದು ಕರೆಯುವವರ ಮಾತಿಗೆ ನನ್ನ ಸಮ್ಮತಿಯಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಉಡುಗೊರೆಯ ಪ್ರಶ್ನೆ. ಸೀಕ್ರೆಟ್ ಸಾಂತಾ ಎಂಬ ಆಟದಲ್ಲಿ ಚೀಟಿಯೆತ್ತಿ, ಬಂದ ಹೆಸರಿನವರಿಗೆ ನಿಗದಿಯಾದ ಮೊತ್ತದೊಳಗೆ ಒಂದು ವಸ್ತುವನ್ನು ಗುಟ್ಟಾಗಿ ಕೊಡಬೇಕು. 1925ರಲ್ಲಿ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಎಂಬ ಮೂರು ಹೊಣೆಗಳು ಉಡುಗೊರೆಯಲ್ಲಿ ಹೆಣೆದುಕೊಂಡಿವೆಯೆಂದು ಪ್ರತಿಪಾದಿಸಿದನು. ಮದುವೆಯ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕವನ್ನು ಕಂಡವರಿಗೆ ಈ ತತ್ತ್ವ ಬಹುಕಾಲದಿಂದ ಪರಿಚಿತ: ಯಾರು ಎಷ್ಟು ಕೊಟ್ಟರೆಂಬ ಆ ಬರಹ, ಅವರ ಮನೆಯ ಶುಭಕಾರ್ಯಕ್ಕೆ ನಾವೂ ಹೋಗತಕ್ಕದ್ದೆಂಬುದರ ಜ್ಞಾಪಕ. ಸಂಕ್ರಾಂತಿಯಂದು ದಟ್ಟಗಳ್ಳಿಯ ಬೀದಿಗಳಲ್ಲಿ ಎಳ್ಳು ಬೀರುವ ಹೆಣ್ಣುಮಕ್ಕಳು ಸಕ್ಕರೆ ಅಚ್ಚನ್ನೂ ಕಬ್ಬಿನ ತುಂಡನ್ನೂ ಕೊಟ್ಟುಬಂದ ಮನೆಯಿಂದ ಸಂಜೆಯೊಳಗೆ ಎಳ್ಳು ಬಂದೇ ಬರುತ್ತದೆ. ಕಚೇರಿಯ ಗುಪ್ತದಾನದಲ್ಲಿ ಕೊಟ್ಟವರ ಹೆಸರೇ ಇಲ್ಲದುದರಿಂದ ಮೂರನೆಯ ಹೊಣೆಗೆ ಆಶ್ರಯವಿಲ್ಲದಾಗುತ್ತದೆ. ಹೊಳೆಯುವ ಕಾಗದವನ್ನು ಬಿಚ್ಚಿ ಪಿಂಗಾಣಿ ಬಟ್ಟಲನ್ನು ಎತ್ತಿ ಹಿಡಿದವನು ಯಾರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ಎಲ್ಲರ ಕಡೆಗೂ ನಗುತ್ತಾನೆ. ಆ ನಗೆಯ ಅನಾಥಭಾವವನ್ನು ಹತ್ತಿರದಿಂದ ನೋಡಿದ್ದೇನೆ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವವರು, ಯಾರ ಹಬ್ಬವೋ ಅವರೇ. ಕಥೋಲಿಕ ಪಂಚಾಂಗದಲ್ಲಿ ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿ ಆಗಮನ ಕಾಲ; ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುವ, ನಿರೀಕ್ಷೆಯ ಸಮಯ. ಹಬ್ಬ ಆರಂಭವಾಗುವುದು 24ರ ರಾತ್ರಿಯ ಬಲಿಪೂಜೆಯಿಂದ. ಕಚೇರಿಯ ಕೂಟವೋ ರಜೆಗಳ ಅನುಕೂಲ ನೋಡಿ ಒಂದು ವಾರ ಮೊದಲೇ ನೆರವೇರುತ್ತದೆ. ನಾನು ಕೆಲವು ವರ್ಷ ದುಡಿದ ಖಾಸಗಿ ಕಚೇರಿಯೊಂದರಲ್ಲಿ ಹೀಗೆಯೇ ಗೋದಲಿಯನ್ನು ಜೋಡಿಸಿ, ಹುಲ್ಲಿನ ಮೇಲೆ ಬಾಲಯೇಸುವಿನ ಗೊಂಬೆಯನ್ನೂ ಮಲಗಿಸಿದ್ದರು. ಸಂಭ್ರಮದ ಗದ್ದಲವನ್ನು ನಮ್ಮೆಲ್ಲರಂತೆಯೇ ಮುಗುಳ್ನಗೆಯಿಂದ ಸಹಿಸಿಕೊಂಡ ಕ್ರೈಸ್ತ ಸಹೋದ್ಯೋಗಿಯೊಬ್ಬರು, ಎಲ್ಲರೂ ಹೊರಟಮೇಲೆ ಆ ಗೊಂಬೆಯನ್ನು ಮೆಲ್ಲನೆ ಎತ್ತಿಕೊಂಡು, ತಮ್ಮ ಮೇಜಿನ ಸೆಳೆಖಾನೆಯಲ್ಲಿ ಬಿಳಿಯ ಕರವಸ್ತ್ರ ಹಾಸಿ ಇಟ್ಟರು. “ಇನ್ನೂ ಹುಟ್ಟಿಲ್ಲ ಸಾರ್,” ಎಂದರು. ಅಂದಿನಿಂದ ಒಂದು ವಾರ ಹುಲ್ಲು ಬರಿದಾಗಿತ್ತು. 26ರ ಬೆಳಗ್ಗೆ ಕಚೇರಿ ತೆರೆದಾಗ ಅವರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಮಗು ಹುಲ್ಲಿನ ಮೇಲಿತ್ತು.