ನಾಲ್ಕು ಹನಿಯಲ್ಲಿ ಕರಗಬೇಕಾದ ಮದ್ದು

ವಾಂತಿ ನಿಲ್ಲಲೆಂದು ಕೊಟ್ಟ ಗುಳಿಗೆಯೇ ವಾಂತಿಯಲ್ಲಿ ಹೊರಬಂದರೆ ಏನು ಮಾಡುವುದು? ಕೀಮೋಥೆರಪಿ ಪಡೆಯುವವರ, ಮೈಗ್ರೇನ್‌ನಿಂದ ನರಳುವವರ ಮನೆಗಳಲ್ಲಿ ಇದು ಹಳೆಯ ಪ್ರಶ್ನೆ. ಗುಳಿಗೆ ಹೊಟ್ಟೆಯಲ್ಲಿ ಉಳಿದರೂ ತೊಂದರೆ ತಪ್ಪದು. ವಾಂತಿ ತಡೆಯುವ ಮದ್ದು ಡೊಂಪೆರಿಡೋನ್ ನುಂಗಿದರೆ ಸುಮಾರು ಶೇಕಡ 15ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಕರುಳಿನ ಗೋಡೆ, ಯಕೃತ್ತು ದಾರಿಯಲ್ಲೇ ಒಡೆದುಹಾಕುತ್ತವೆ. ಮದ್ದನ್ನು ಮೂಗಿಗೆ ಹಾಕಿದರೆ ಆ ದಾರಿಯಲ್ಲಿ ಈ ಸುಂಕದ ಕಟ್ಟೆಗಳಿಲ್ಲ. ಅಲ್ಲಿನ ಪೊರೆ ತೆಳು, ತುಂಬ ರಕ್ತನಾಳಗಳು.

ಆದರೆ ಒಳಬಂದದ್ದನ್ನು ಗುಡಿಸಿ ಹಾಕುವುದೇ ಮೂಗಿನ ಕಸುಬು. ಅಲ್ಲಿನ ಸೂಕ್ಷ್ಮರೋಮಗಳು ಲೋಳೆಯನ್ನು ಗಂಟಲಿನತ್ತ ದೂಡುತ್ತಲೇ ಇರುತ್ತವೆ. ನೀರಿನಂಥ ಔಷಧಿಯ ಅರ್ಧಪಾಲು ಹದಿನೈದು–ಇಪ್ಪತ್ತು ನಿಮಿಷದಲ್ಲಿ ಜಾರಿಹೋಗುತ್ತದೆ. ಅದನ್ನು ಅಂಟಿಸಿ ನಿಲ್ಲಿಸುವ ಯೋಚನೆಯಿಂದ ಜೆಲ್ ಬಂತು. 1996ರಲ್ಲಿ ಅಮೆರಿಕದಲ್ಲಿ ಬಿ12 ಜೀವಸತ್ವದ ಮೂಗಿನ ಜೆಲ್‌ಗೆ ಒಪ್ಪಿಗೆ ಸಿಕ್ಕಿತು. ಗಟ್ಟಿ ಜೆಲ್ಲನ್ನು ಹೊಳ್ಳೆಯ ಆಳಕ್ಕೆ ಕಳಿಸುವುದು ಸುಲಭವಲ್ಲ. ಹಾಗಾಗಿ ಸಂಶೋಧಕರು ಸೀಸೆಯಲ್ಲಿ ನೀರಾಗಿದ್ದು ಮೂಗಿನಲ್ಲಿ ಹೆಪ್ಪುಗಟ್ಟುವ ವಸ್ತುಗಳ ಬೆನ್ನು ಹತ್ತಿದರು.

ಅವುಗಳಲ್ಲಿ ಪೊಲಾಕ್ಸಮರ್ 407 ಎಲ್ಲರ ಅಚ್ಚುಮೆಚ್ಚು. ತುಪ್ಪದ ಸ್ವಭಾವಕ್ಕೆ ತದ್ವಿರುದ್ಧ: ತಣ್ಣಗಿದ್ದಾಗ ಹರಿಯುತ್ತದೆ, ಬೆಚ್ಚಗಾದರೆ ಗಟ್ಟಿಯಾಗುತ್ತದೆ. ನೀರಿಗೆ ಶೇಕಡ 18–20ರಷ್ಟು ಬೆರೆಸಿದರೆ ಮೂಗಿನ ಶಾಖವೇ ಸಾಕು. ಗೆಲ್ಲನ್ ಗೋಂದು ಲೋಳೆಯಲ್ಲಿನ ಕ್ಯಾಲ್ಸಿಯಂ ಸಿಕ್ಕರೆ ಕಟ್ಟಿಕೊಳ್ಳುತ್ತದೆ. ಕಾರ್ಬೊಪಾಲ್‌ಗೆ ಹುಳಿ ಇಳಿಯಬೇಕು. ಹಣ್ಣಿನ ಜಾಮ್ ಕಟ್ಟುವ ಪೆಕ್ಟಿನ್ ಕೂಡ ಇದೇ ಕೆಲಸಕ್ಕೆ ಬಂತು. ಕ್ಯಾನ್ಸರ್ ನೋವಿಗೆ ಅದರೊಂದಿಗೆ ಫೆಂಟನಿಲ್ ಸೇರಿಸಿದ ಸ್ಪ್ರೇ 2010ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು.

ನಿಲ್ಲಿಸುವ ಸಮಸ್ಯೆ ಹೀಗೆ ಅರ್ಧ ತೀರಿತು. ಕರಗಿಸುವುದು ತೀರಲಿಲ್ಲ. ಲೆಕ್ಕ ಹಾಕಿ ನೋಡಿ: 10 ಮಿಲಿಗ್ರಾಂ ಡೊಂಪೆರಿಡೋನ್ ಗುಳಿಗೆಯಿಂದ ರಕ್ತಕ್ಕೆ ಸೇರುವುದು ಒಂದೂವರೆ ಮಿಲಿಗ್ರಾಂ. ಮೂಗಿಗೆ ಅಷ್ಟೇ ಕೊಟ್ಟರಾಯಿತು ಎಂದುಕೊಳ್ಳೋಣ. ಹುಳಿಯಿಲ್ಲದ ನೀರಿನಲ್ಲಿ ಅದು ಕರಗುವುದು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ. ಅಂದರೆ ಒಂದೂವರೆ ಲೀಟರ್ ನೀರು ಬೇಕು. ಎರಡೂ ಹೊಳ್ಳೆ ಸೇರಿ ಹಿಡಿಯುವುದೋ ನಾಲ್ಕು ಹನಿ! ಹುಳಿ ಹೆಚ್ಚಿಸಿದರೆ ಕರಗುತ್ತದೆ, ಮೂಗು ಉರಿಯುತ್ತದೆ. ಅದಕ್ಕೇ ಅಣುವನ್ನು ಉಂಗುರದಂಥ ಸೈಕ್ಲೊಡೆಕ್ಸ್‌ಟ್ರಿನ್‌ನೊಳಗೆ ಕೂರಿಸಿದರು, ನ್ಯಾನೊ ಕಣಗಳಾಗಿ ಅರೆದರು, ಎಣ್ಣೆ–ನೀರಿನ ಅತಿಸಣ್ಣ ಮಿಶ್ರಣದಲ್ಲಿ ಅಡಗಿಸಿದರು. ಪೊಲಾಕ್ಸಮರ್‌ಗೂ ಈ ಗುಣ ಸ್ವಲ್ಪ ಇದೆ: ಅದರ ಅಣುಗಳು ಗುಂಪುಗೂಡಿದಾಗ ನಡುವೆ ನೀರೊಲ್ಲದ ಜಾಗ ಉಂಟಾಗಿ ಮದ್ದು ಅಲ್ಲಿ ಸೇರಿಕೊಳ್ಳುತ್ತದೆ. ಆದರೆ ಏನನ್ನು ಬೆರೆಸಿದರೂ ಜೆಲ್ ಕಟ್ಟುವ ಶಾಖ ಏರುಪೇರಾಗುತ್ತದೆ, ಮತ್ತೆ ಹದ ನೋಡಬೇಕು. ಕರ್ನಾಟಕದ ಫಾರ್ಮಸಿ ಕಾಲೇಜುಗಳಲ್ಲೂ ಎಷ್ಟೋ ಎಂ.ಫಾರ್ಮ ಪ್ರಬಂಧಗಳು ಈ ಹದ ಹುಡುಕುವುದರಲ್ಲೇ ಮುಗಿದಿವೆ.

ಮೂಗಿನ ಮದ್ದಿನ ಕುರಿತ ಇಂಥ ಬರಹಗಳಲ್ಲಿ ನನಗೆ ಒಪ್ಪಿಗೆಯಾಗದ ಮಾತೊಂದಿದೆ: ಮೂಗಿನಿಂದ ನೇರ ಮಿದುಳಿಗೆ ಎಂಬ ಹುರುಪು. ಡೊಂಪೆರಿಡೋನ್ ಕೆಲಸ ಮಾಡುವ, ವಾಂತಿಯ ಸುಳಿವು ಹಿಡಿಯುವ ಜಾಗ ಇರುವುದು ರಕ್ತ–ಮಿದುಳು ತಡೆಗೋಡೆಯ ಹೊರಗೆ. ರಕ್ತಕ್ಕೆ ಸೇರಿದರೆ ಸಾಕು, ಗೋಡೆ ಹಾರುವುದು ಬೇಡ. ಹಾರಿದರೆ ನಡುಕ, ಬಿಗಿತದಂಥ ಅಡ್ಡಪರಿಣಾಮದ ಭಯವೇ ಹೆಚ್ಚು.

2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ವಾಂತಿಗೆ ಕೊಡುವ ಇನ್ನೊಂದು ಮದ್ದಾದ ಮೆಟೊಕ್ಲೊಪ್ರಮೈಡ್‌ನ ಮೂಗಿನ ಸ್ಪ್ರೇ ಜಿಮೋಟಿಗೆ ಅನುಮತಿ ಕೊಟ್ಟರು. ಮಧುಮೇಹದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ ಅದು. ಒಂದು ಒತ್ತಿಗೆ 70 ಮೈಕ್ರೊಲೀಟರ್, ಅದರಲ್ಲಿ 15 ಮಿಲಿಗ್ರಾಂ ಮದ್ದು. ಅಷ್ಟು ತುಂಬಲು ಸಾಧ್ಯವಾದದ್ದು ಅದರ ಲವಣ ನೀರಿನಲ್ಲಿ ಧಾರಾಳವಾಗಿ ಕರಗುವುದರಿಂದ. ಜೆಲ್ ಅದರಲ್ಲಿ ಇಲ್ಲವೇ ಇಲ್ಲ. ಕರಗದ ಮದ್ದುಗಳ ಜೆಲ್‌ಗಳಲ್ಲಿ ಹೆಚ್ಚಿನವು ಕಸಾಯಿಖಾನೆಯಿಂದ ತಂದ ಆಡಿನ ಮೂಗಿನ ಪೊರೆಯ ಮೇಲಷ್ಟೇ ಪರೀಕ್ಷೆ ದಾಟಿವೆ. ಆ ಪೊರೆಗೆ ನೆಗಡಿಯಿಲ್ಲ, ಅದು ಸೀನುವುದೂ ಇಲ್ಲ.